ಮದುಮಗಳು ಕೈಯಿಟ್ಟ ಹೊಟ್ಟೆ

ಆ ಮಧ್ಯಾಹ್ನ ನೆಮಾತಳ ಹೊಟ್ಟೆಗೆ ಬಟ್ಟೆ ಸುತ್ತಿದವಳು ನಾನೇ. ಉಡುಪು ತೊಡಿಸುವ ಹೆಂಗಸನ್ನು ಏನೋ ನೆವ ಹೇಳಿ ಅಂಗಡಿಗೆ ಅಟ್ಟಿದ್ದೆ. ಹಳೆಯ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಿಬ್ಬೊಟ್ಟೆಯ ಮೇಲಿಟ್ಟು, ಅದರ ಮೇಲೆ ಉದ್ದನೆಯ ಪಟ್ಟಿ ಸುತ್ತಿದೆ. ಅಡಿಯಲ್ಲಿ ಗೇಣುದ್ದದ ಗಾಯ. ಹೊಲಿಗೆ ಬಿಚ್ಚಿ ನಾಲ್ಕು ವಾರವಾಗಿದ್ದರೂ ಇನ್ನೂ ಕೆಂಪಗೆ ಉಬ್ಬಿಕೊಂಡೇ ಇತ್ತು.

“ಅತ್ತೆ, ಇನ್ನೂ ಸ್ವಲ್ಪ ಬಿಗಿ,” ಎಂದಳು.

“ಇನ್ನೂ ಬಿಗಿದ್ರೆ ಉಸಿರು ಎಲ್ಲಿಂದ ತಗೋತೀಯೇ?”

“ಉಸಿರಿನ ವಿಷ್ಯ ಆಮೇಲೆ ನೋಡ್ಕೊಳ್ಳೋಣ. ತಿರುಗಿದ್ರೆ ಸಾಕು, ಒಳಗೆ ಏನೋ ಜಾರಿದ ಹಾಗಾಗುತ್ತೆ. ಕುಣೀವಾಗ ಹಾಗಾಗ್ಬಾರ್ದು.”

ಬಿಗಿದೆ. ಅವಳು ತುಟಿ ಕಚ್ಚಿಕೊಂಡು ಗೋಡೆ ಹಿಡಿದು ನಿಂತಳು. ಆರು ತಿಂಗಳು ಕುಣಿಯಬಾರದು ಎಂದು ಡಾಕ್ಟರು ಹೇಳಿದ್ದರು. ಅಂದಿಗೆ ನಲವತ್ತನಾಲ್ಕನೆಯ ದಿನ.

ನಾನು ವಜೀದಾ. ಕೈರೋದ ಮುಹಮ್ಮದ್ ಅಲಿ ಬೀದಿಯಲ್ಲಿ ನಲವತ್ತು ವರ್ಷ ಕುಣಿತದ ತಂಡ ಕಟ್ಟಿಕೊಂಡು ಮದುವೆ ಮನೆಗಳಿಗೆ ಹೋದವಳು. ತಂಡದ ಯಜಮಾನಿಯನ್ನು ನಮ್ಮಲ್ಲಿ ಉಸ್ತಾ ಎನ್ನುತ್ತಾರೆ. ಉಸ್ತಾ ವಜೀದಾ ಎಂದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಗೊತ್ತು, ಅರ್ಧ ಕುಣಿತಕ್ಕೆ, ಅರ್ಧ ಬಾಯಿಗೆ. ನೆಮಾತ್ ನನ್ನ ತಮ್ಮನ ಮಗಳು. ಏಳು ವರ್ಷದ ಮಗುವಾಗಿದ್ದಾಗ ನನ್ನ ಮಡಿಲಿಗೆ ಬಂದು ಬಿದ್ದಳು. ಸಾಕಿದೆ, ಕುಣಿಯಲು ಕಲಿಸಿದೆ, ನಮ್ಮ ತಂಡದಲ್ಲೇ ತಬ್ಲಾ ಬಾರಿಸುವ ಖಲಫನಿಗೆ ಮದುವೆ ಮಾಡಿಕೊಟ್ಟೆ. ಅವಳ ಹೊಟ್ಟೆ ಅಲೆಯಂತೆ ಎದ್ದು ಇಳಿಯುವುದನ್ನು ನೋಡಲು ಅಲೆಕ್ಸಾಂಡ್ರಿಯಾದಿಂದ ಜನ ಬರುತ್ತಿದ್ದರು ಎಂದರೆ ಜಂಬವಲ್ಲ. ಬೇಕಾದರೆ ಜಂಬ ಎಂದೇ ಅಂದುಕೊಳ್ಳಿ, ನನಗೇನು.

ನಮ್ಮ ಮದುವೆಗಳಲ್ಲಿ ಒಂದು ಪದ್ಧತಿ ಇದೆ. ಕುಣಿತ ಮುಗಿಯುತ್ತಾ ಬಂದಾಗ ಮದುಮಗಳು ಕುಣಿಯುವವಳ ಹೊಟ್ಟೆಯ ಮೇಲೆ ಎರಡೂ ಕೈ ಇಡಬೇಕು, ಫೋಟೊ ತೆಗೆಸಿಕೊಳ್ಳಬೇಕು. ಅಷ್ಟೆಲ್ಲ ಆಡುವ ಹೊಟ್ಟೆಯಲ್ಲಿ ದೇವರ ಬರಕತ್ತು ಇರುತ್ತದೆ, ಮುಟ್ಟಿದವಳ ಹೊಟ್ಟೆ ತುಂಬುತ್ತದೆ ಎಂದು ನಂಬಿಕೆ. ಎಲ್ಲರ ಮದುವೆಯಲ್ಲೂ ಇರುವುದೇ. ಆದರೆ ಅದನ್ನು ನೆಮಾತಳ ಹೆಸರಿಗೆ ಅಂಟಿಸಿದವಳು ಮಾತ್ರ ನಾನು. ಫೋಟೊ ಅಂಗಡಿಯ ಮಿಖಾಯಿಲನಿಗೆ ದುಂಬಾಲು ಬಿದ್ದು ಅವನ ಗಾಜಿನ ಕಿಟಕಿಯಲ್ಲಿ ಆ ಫೋಟೊಗಳನ್ನು ಸಾಲಾಗಿ ತೂಗಿಹಾಕಿಸಿದೆ. “ಇವಳಿಗೆ ಗಂಡು. ಇವಳಿಗೆ ಅವಳಿ. ಇವಳಿಗೆ ಹನ್ನೆರಡು ವರ್ಷದ ಮೇಲೆ ಆಯ್ತು ನೋಡಿ,” ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ತೋರಿಸುತ್ತಿದ್ದೆ. ಮಗುವಾಗದವರ ಫೋಟೊವನ್ನು ಸದ್ದಿಲ್ಲದೆ ತೆಗೆಸಿಬಿಡುತ್ತಿದ್ದೆ. ಕುಣಿಯುವ ಹೆಂಗಸರು ಬೇಕೆಂದೇ ಮಕ್ಕಳನ್ನು ತಡ ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತಿದ್ದರಿಂದ, ಮದುವೆಯಾಗಿ ಎಂಟು ವರ್ಷವಾದರೂ ನಿನಗೇಕೆ ಆಗಿಲ್ಲ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಆದರೆ ಒಳಗೆ ಗೆಡ್ಡೆ ಬೆಳೆದಿತ್ತು. ಎರಡು ವರ್ಷ ರಕ್ತ ಹೋಗಿ ಹೋಗಿ ಹುಡುಗಿ ಬಿಳಿಚಿಕೊಂಡಳು. ಕೊನೆಗೆ ಬೀದಿಯವರ ಕಣ್ಣು ತಪ್ಪಿಸಿ, ಜಾತ್ರೆಗೆ ಹೋಗುತ್ತೇವೆ ಎಂದು ಸುಳ್ಳು ಹೇಳಿ, ಟಾಂಟಾ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗರ್ಭಕೋಶವನ್ನೇ ತೆಗೆದರು. ಗೊತ್ತಿದ್ದದ್ದು ಮೂವರಿಗೆ: ನನಗೆ, ಅವಳಿಗೆ, ಖಲಫನಿಗೆ. ಬೀದಿಗೆ ಗೊತ್ತಾಯಿತೋ, ಅವಳ ಕಥೆ ಮುಗಿದಂತೆ. ಗರ್ಭವಿಲ್ಲದವಳ ಹೊಟ್ಟೆಯನ್ನು ತನ್ನ ಸೊಸೆಯ ಮುಂದೆ ಕುಣಿಸಲು ಕೈರೋದಲ್ಲಿ ಯಾವ ಅತ್ತೆ ಒಪ್ಪುತ್ತಾಳೆ? ಅಪಶಕುನ ಎಂದು ಹೊಸ್ತಿಲಲ್ಲೇ ತಡೆಯುತ್ತಾರೆ. ಮುಟ್ಟಿ ಹೋದ ಹಳೆಯ ಮದುವಣಗಿತ್ತಿಯರೂ ಬಂದು ಉಗಿಯುತ್ತಾರೆ.

ಹಾಗಿದ್ದ ಮೇಲೆ ನಲವತ್ತನಾಲ್ಕನೇ ದಿನಕ್ಕೇ ಯಾಕೆ ಕುಣಿಸಿದೆ ಎಂದು ನೀವು ಕೇಳಬಹುದು. ಝಕಿಯ್ಯಾ ಎಂಬ ಇನ್ನೊಬ್ಬ ಉಸ್ತಾ ನಮ್ಮ ಎದುರು ಮನೆಯವಳು. ಆ ಹಾಳಾದವಳ ನೆಂಟಳೊಬ್ಬಳು ಟಾಂಟಾದಲ್ಲಿ ನಮ್ಮನ್ನು ನೋಡಿಬಿಟ್ಟಿದ್ದಳು. “ನೆಮಾತಳ ಹೊಟ್ಟೆಗೆ ಏನೋ ಆಗಿದೆಯಂತೆ” ಎಂದು ಝಕಿಯ್ಯಾ ಕಾಫಿ ಅಂಗಡಿಯಿಂದ ಹಿಡಿದು ಬೀದಿಯ ಹೆಂಗಸರೆಲ್ಲ ಸೇರುವ ಸ್ನಾನದ ಮನೆಯವರೆಗೆ ಊದಿಕೊಂಡು ಬಂದಿದ್ದಳು. ಮೊದಲೇ ಒಪ್ಪಿಕೊಂಡಿದ್ದ ಈ ಮದುವೆಗೆ ಹೋಗದಿದ್ದರೆ ಆ ಮಾತಿಗೆ ನಾವೇ ಮೊಹರು ಒತ್ತಿದಂತಾಗುತ್ತಿತ್ತು. ಹೋಗಲೇಬೇಕು ಎಂದು ಹಟ ಹಿಡಿದವಳು ನಾನು. ಖಲಫ್ ಬೇಡ ಎಂದ. ಅವನ ಮೇಲೆ ಹರಿಹಾಯ್ದೆ. ನೆಮಾತ್ ಮಾತ್ರ ಹೋಗಿ ಉಡುಪಿನ ಪೆಟ್ಟಿಗೆ ತೆರೆದಳು.

ಕುಣಿಯುವವಳ ಹೊಟ್ಟೆ ಬೆತ್ತಲಾಗಿ ಕಾಣಬಾರದು ಎಂದು ಸರ್ಕಾರದ ಕಾಯ್ದೆ ಇದೆ. ನಾವು ತೆಳುವಾದ ಬಲೆ ಕಟ್ಟಿಕೊಳ್ಳುತ್ತೇವೆ. ಪೊಲೀಸರ ಕಣ್ಣಿಗೆ ಮುಚ್ಚಿದ ಹಾಗೆ, ಮದುವೆಯವರ ಕಣ್ಣಿಗೆ ಬಿಟ್ಟ ಹಾಗೆ. ಅಂದು ಆ ಬಲೆಯ ಕೆಳ ಅರ್ಧಕ್ಕೆ ಒಂದು ಅಗಲವಾದ ಮಖಮಲ್ ಪಟ್ಟಿಯನ್ನು, ಚಮಕಿ ಮಣಿ ತುಂಬಿಸಿ, ನಾನೇ ರಾತ್ರಿ ಹಗಲು ಕೂತು ಹೊಲಿದಿದ್ದೆ. ಗಾಯವೂ ಕಾಣದು, ಸುತ್ತಿದ ಬಟ್ಟೆಯೂ ಕಾಣದು ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮದುವೆ ಸಯ್ಯಿದಾ ಝೈನಬ್ ಬಡಾವಣೆಯಲ್ಲಿ. ಗಂಡಿನ ಕಡೆಯವರದು ಮೂರು ತಲೆಮಾರಿನ ಮಾಂಸದಂಗಡಿ. ಓಣಿಗೆ ಅಡ್ಡಲಾಗಿ ಬಣ್ಣದ ಶಾಮಿಯಾನ ಹಾಕಿದ್ದರು. ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಕುರ್ಚಿಗಳೆಲ್ಲ ತುಂಬಿಹೋಗಿದ್ದವು. ಗಂಡಿನ ತಾಯಿ ಹಾಗ್ಗಾ ತಫೀದಾ ಬಾಗಿಲಲ್ಲೇ ನಿಂತಿದ್ದಳು. ಎರಡು ಸಲ ಮಕ್ಕಾ ನೋಡಿ ಬಂದು ಹಾಗ್ಗಾ ಎನಿಸಿಕೊಂಡವಳು, ತೋಳು ತುಂಬ ಬಂಗಾರ, ಕಣ್ಣು ಮಾತ್ರ ತಕ್ಕಡಿಯ ಮುಳ್ಳು ನೋಡುವ ಕಣ್ಣು.

“ಬಂದ್ರಾ ಉಸ್ತಾ? ಬರೋದಿಲ್ವೇನೋ ಅಂದ್ಕೊಂಡಿದ್ದೆ. ನಿಮ್ಮ ಹುಡುಗಿ ಟಾಂಟಾದಲ್ಲಿ ಆಸ್ಪತ್ರೆ ಸೇರಿದ್ಲಂತೆ?”

ನಾನು ನಕ್ಕುಬಿಟ್ಟೆ.

“ಯಾರಂದ್ರು ಹಾಗ್ಗಾ? ಝಕಿಯ್ಯಾನಾ? ಅವಳ ತಂಡಕ್ಕೆ ಈ ವರ್ಷ ಕರೆ ಬಂದಿರೋದು ಎರಡೇ ಮದುವೆಗೆ. ಹೊಟ್ಟೆ ಉರಿಗೆ ಔಷಧಿ ಎಲ್ಲಿಂದ ತರೋಣ ಹೇಳಿ?”

“ಆಸ್ಪತ್ರೆಗೆ ಹೋಗಿದ್ದು ಹೌದೋ ಅಲ್ವೋ ಹೇಳಿ.”

“ಹೋಗಿದ್ದು ನನ್ನ ಮಂಡಿ ನೋವಿಗೆ,” ಎಂದು ಕುಂಟಿಕೊಂಡೇ ಒಳಗೆ ನಡೆದೆ.

ಅವಳು ಬೆನ್ನ ಹಿಂದೆ ಬಂದಳು. ದನಿ ತಗ್ಗಿಸಿ ಹೇಳಿದಳು: “ನೋಡಿ ಉಸ್ತಾ, ಮುಚ್ಚಿಡೋದೇನಿದೆ. ನನ್ನ ಸೊಸೆಗೆ ಇದು ಎರಡನೇ ಮದುವೆ. ಮೊದಲನೆಯವನು ಐದು ವರ್ಷ ಕಾದು, ಬಸುರಾಗ್ಲಿಲ್ಲ ಅಂತ ತಲಾಖ್ ಕೊಟ್ಟ. ನನ್ನ ಮಗ ಇವಳೇ ಬೇಕು ಅಂತ ಹಟ ಹಿಡಿದ. ಸರಿ ಅಂದೆ. ಒಂದು ವರ್ಷ ನೋಡ್ತೀನಿ. ಅದಕ್ಕೇ ಎರಡು ಸಲ ಮದುವೆ ಮುಂದಕ್ಕೆ ಹಾಕಿ ನಿಮ್ಮ ನೆಮಾತಳಿಗೇ ಕಾದದ್ದು. ಆ ಹೊಟ್ಟೆಯಲ್ಲಿ ಏನಾದ್ರೂ ಐಬಿದೆ ಅಂತ ಆಮೇಲೆ ಗೊತ್ತಾದ್ರೆ, ನಿಮ್ಮ ಬೀದಿಗೇ ಬಂದು ನಿಮ್ಮ ಬಾಗಿಲ ಮುಂದೆ ನಿಂತು ಕೂಗ್ತೀನಿ. ನಾನು ಕೂಗಿದ್ರೆ ಹೇಗಿರುತ್ತೆ ಗೊತ್ತಲ್ಲ?”

ಗೊತ್ತಿತ್ತು. ನನ್ನಂಥವಳೇ ಅವಳು.

ಸೊಸೆಯ ಹೆಸರು ಬಹೀಗಾ. ಅಲಂಕಾರದ ಪೀಠದ ಮೇಲೆ ಬಿಳಿ ಉಡುಪಿನಲ್ಲಿ ಕೂತಿದ್ದಳು, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಪಕ್ಕದಲ್ಲಿ ಗಂಡು ನಗುತ್ತಾ ಏನೋ ಹೇಳುತ್ತಿದ್ದ. ಇವಳ ಕಣ್ಣು ಮಾತ್ರ ನಾವು ಬರುವ ದಾರಿಯ ಮೇಲೇ ನೆಟ್ಟಿತ್ತು. ನೆಮಾತ್ ಕಾಣಿಸಿದೊಡನೆ ಆ ಕಣ್ಣು ಅವಳ ಹೊಟ್ಟೆಗೆ ಇಳಿಯಿತು. ನೋಡಿ ನನಗೆ ಸಂಕಟವಾಯಿತು. ಮೋಸ ಮಾಡುವುದಾದರೆ ತಫೀದಾಳಂಥವಳಿಗೆ ಮಾಡಬೇಕು. ಇವಳಿಗಲ್ಲ.

ಖಲಫ್ ತೊಡೆಯ ಮೇಲೆ ಹೂಜಿಯಾಕಾರದ ತಬ್ಲಾ ಇಟ್ಟುಕೊಂಡ. ನಾನು ಬೆರಳ ತಾಳ ತೊಟ್ಟು ಅವನ ಪಕ್ಕ ನಿಂತೆ. ನೆಮಾತ್ ನಡುವೆ ಬಂದಳು.

ಆಹಾ, ಏನು ಹೇಳಲಿ! ಹೊಟ್ಟೆ ಆಡಿಸಲಾಗದವಳು ಉಳಿದ ಮೈಯಲ್ಲೆಲ್ಲ ಕುಣಿದಳು. ಭುಜ ನಡುಗಿಸಿದಳು, ಕೈಯಲ್ಲಿ ಕೋಲು ಹಿಡಿದು ತಲೆಯ ಮೇಲೆ ತಿರುಗಿಸಿದಳು, ಸೊಂಟವನ್ನು ಒಂದು ಪಕ್ಕಕ್ಕೆ ಎಸೆದು ಹಾಗೇ ನಿಲ್ಲಿಸಿ ಜನ ಕೂಗುವವರೆಗೆ ಕಾಯಿಸಿದಳು. ಖಲಫನೂ ಜಾಣ. ಹೊಟ್ಟೆಯ ಅಲೆಗೆಂದೇ ಇರುವ ನಿಧಾನದ ತಾಳ ಬರುವ ಕಡೆಯೆಲ್ಲ ಬೆರಳು ಜಾರಿಸಿ ಬೇರೆ ತಾಳಕ್ಕೆ ಹಾರುತ್ತಿದ್ದ. ಅವನ ಕಣ್ಣು ಅವಳ ಪಾದದ ಮೇಲೆ, ನನ್ನ ಕಣ್ಣು ಅವಳ ಹಣೆಯ ಮೇಲೆ. ಬೆವರು ಹುಬ್ಬಿಗೆ ಇಳಿದಿತ್ತು. ಇನ್ನು ಹತ್ತು ನಿಮಿಷ, ಇನ್ನು ಹತ್ತೇ ನಿಮಿಷ ಎಂದು ಎಣಿಸುತ್ತಿದ್ದೆ.

ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದವರು ಕುಣಿತ ತಿಳಿದ ಮುದುಕಿಯರು. ಅವರ ಕಣ್ಣಿಗೆ ಮಣ್ಣು ಹಾಕುವುದು ಸುಲಭವಲ್ಲ.

“ಎಲ್ಲಾ ಚೆನ್ನಾಗಿದೆ, ಹೊಟ್ಟೆ ಎಲ್ಲಿ ಬಚ್ಚಿಟ್ಟಿದೀಯಮ್ಮಾ?” ಎಂದು ಒಬ್ಬಳು ಕೂಗಿದಳು.

“ಮನೇಲಿ ಮರೆತು ಬಂದಿರ್ಬೇಕು!” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

“ಅಲೆ! ಅಲೆ!” ಎಂದು ಕೈ ತಟ್ಟತೊಡಗಿದರು. ಹಿಂದಿನ ಸಾಲಿನವರೂ ಸೇರಿಕೊಂಡರು.

ನೆಮಾತ್ ನಗುತ್ತಾ ತಲೆಯಾಡಿಸಿ ಮತ್ತೊಂದು ಸುತ್ತು ತಿರುಗಿದಳು. ತಿರುಗಿ ನಿಂತಾಗ ಅವಳ ಕೈ ತನಗೇ ತಿಳಿಯದೆ ಕಿಬ್ಬೊಟ್ಟೆಗೆ ಹೋಗಿ ಒತ್ತಿ ಹಿಡಿಯಿತು. ಒಂದೇ ಕ್ಷಣ. ಆದರೆ ತಫೀದಾ ಅದನ್ನು ನೋಡಿದಳು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

ನಾನು ಅಡ್ಡ ಹೋಗುವಷ್ಟರಲ್ಲಿ ಅವಳು ನೇರ ನಡುವಿಗೆ ಬಂದು, ನೆಮಾತಳ ತೋಳು ಹಿಡಿದು ನಿಲ್ಲಿಸಿ, ಇನ್ನೊಂದು ಕೈಯನ್ನು ಮಖಮಲ್ ಪಟ್ಟಿಯ ಮೇಲೆ ಒತ್ತಿದಳು. ಖಲಫನ ಬೆರಳು ತಬ್ಲಾದ ಚರ್ಮದ ಮೇಲೆ ಸಣ್ಣಗೆ ಆಡುತ್ತಲೇ ಇತ್ತು. ತಫೀದಾಳ ಬೆರಳುಗಳು ಪಟ್ಟಿಯ ಅಡಿಯ ಬಟ್ಟೆಯ ಮಡಿಕೆಗಳನ್ನು ತಡಕಿದವು. ಒಂದು, ಎರಡು, ಮೂರು. ಅವಳ ಮುಖದ ಮೇಲೆ ಇದ್ದ ಸಿಡುಕು ನಿಧಾನವಾಗಿ ಕರಗಿತು. ಬಾಯಿ ತೆರೆದುಕೊಂಡಿತು.

ಏನಾಯಿತು ಎಂದು ನನಗೆ ಆಗ ಹೊಳೆಯಿತು. ನಮ್ಮಲ್ಲಿ ಕುಣಿಯುವವಳು ಹೊಟ್ಟೆಗೆ ಬಟ್ಟೆ ಸುತ್ತುವುದು ಒಂದೇ ಒಂದು ಕಾರಣಕ್ಕೆ. ಬಸುರಾದ ಮೊದಲ ತಿಂಗಳುಗಳಲ್ಲಿ, ನೂರು ಕಣ್ಣು ಬೀಳುವ ಜಾಗ ಅದಾದ್ದರಿಂದ, ದೃಷ್ಟಿ ತಾಗಬಾರದೆಂದು ಸುತ್ತುತ್ತಾರೆ. ಆಗ ಅಲೆ ಆಡಿಸುವುದೂ ಇಲ್ಲ. ನನ್ನ ಕೈಯಾರೆ ನಾನೇ ಹೀಗೆ ಎಷ್ಟು ಜನಕ್ಕೆ ಸುತ್ತಿಲ್ಲ! ಗಾಯ ಮುಚ್ಚುವ ಆತುರದಲ್ಲಿ ಅದು ನನ್ನ ತಲೆಗೇ ಬಂದಿರಲಿಲ್ಲ.

“ಬಸುರಿ!” ಎಂದು ತಫೀದಾ ಕಿರುಚಿದಳು. “ಅಯ್ಯೋ ನನ್ನ ಬಂಗಾರಿ, ತುಂಬಿದ ಹೊಟ್ಟೆ ಹೊತ್ಕೊಂಡು ನನ್ನ ಸೊಸೆಗೋಸ್ಕರ ಬಂದ್ಯಾ! ಉಸ್ತಾ, ಇದಕ್ಕೇನಾ ಆಸ್ಪತ್ರೆ? ಮಂಡಿ ನೋವಂತೆ ಮಂಡಿ ನೋವು! ಎಷ್ಟು ತಿಂಗಳು?”

ಇಡೀ ಶಾಮಿಯಾನ ನನ್ನ ಬಾಯನ್ನೇ ನೋಡುತ್ತಿತ್ತು. ನೆಮಾತಳೂ ನನ್ನನ್ನು ನೋಡಿದಳು. ಬೇಡ ಎನ್ನುವ ಹಾಗೆ ಒಂದಿಷ್ಟೇ ತಲೆ ಅಲ್ಲಾಡಿಸಿದಳು. ನೋಡಿದೆ, ನೋಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

“ಮೂರು,” ಎಂದೆ.

ಖಲಫನ ಪೆಟ್ಟು ತಪ್ಪಿತು. ಹದಿನೆಂಟು ವರ್ಷದಲ್ಲಿ ಅವನ ಕೈಯಿಂದ ನಾನು ಕೇಳಿದ ಮೊದಲ ತಪ್ಪು ಪೆಟ್ಟು ಅದು. ಆದರೆ ಅದನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರಿಗೂ ಪುರಸತ್ತಿರಲಿಲ್ಲ. ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಕೂಗು ಹಾಕುತ್ತಾ ಎದ್ದು ಬಂದರು. ಬರಿಯ ಹೊಟ್ಟೆಯೇ ಬರಕತ್ತು ಎಂದ ಮೇಲೆ ತುಂಬಿದ ಹೊಟ್ಟೆ ಇನ್ನೆಷ್ಟು ಎಂದು ಸಾಲುಗಟ್ಟಿ ಕೈ ಇಟ್ಟರು. ಮದುವೆಯಾದವರು, ಆಗದವರು, ಮೊಮ್ಮಕ್ಕಳು ಬೇಕಾದವರು. ಅವರ ಕೈಗಳೆಲ್ಲ ಗಾಯದ ಮೇಲೇ. “ಮೆತ್ತಗೆ ಕಣ್ರೇ, ಮೆತ್ತಗೆ! ಬಸುರಿ ಹೊಟ್ಟೆ ಅದು, ಹಿಟ್ಟು ನಾದೋ ಹಾಗೆ ನಾದ್ಬೇಡಿ!” ಎಂದು ನಾನು ಬೊಬ್ಬೆ ಹಾಕಿದೆ. ನೆಮಾತ್ ನಗುತ್ತಿದ್ದಳು. ಅಂಥ ನಗುವನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಹಲ್ಲು ಕಾಣುತ್ತಿತ್ತು, ಅಷ್ಟೇ.

“ಸಾಕು ಸಾಕು, ಈಗ ಮದುಮಗಳು!” ಎಂದು ತಫೀದಾ ಎಲ್ಲರನ್ನೂ ತಳ್ಳಿ, ಬಹೀಗಾಳನ್ನು ಪೀಠದಿಂದ ಇಳಿಸಿಕೊಂಡು ಬಂದಳು. ಮಿಖಾಯಿಲ್ ಕ್ಯಾಮೆರಾ ಎತ್ತಿದ. ಗಾಯದಿಂದ ಒಂದಷ್ಟಾದರೂ ಮೇಲಕ್ಕೆ ಕೈ ಇಡಿಸೋಣವೆಂದು ನಾನು ಅವರಿಬ್ಬರ ಪಕ್ಕದಲ್ಲೇ ಹೋಗಿ ನಿಂತೆ. ಆದ್ದರಿಂದ ಅವರ ಮಾತೆಲ್ಲ ನನಗೆ ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು.

ಬಹೀಗಾ ಎರಡೂ ಅಂಗೈ ಇಟ್ಟು, ತಲೆ ಬಗ್ಗಿಸಿ, ತುಟಿ ಆಡಿಯೂ ಆಡದ ಹಾಗೆ ಹೇಳಿದಳು:

“ಅಕ್ಕಾ, ಒಳಗಿರೋ ಕೂಸಿಗೆ ಒಂದು ಮಾತು ಹೇಳಿ. ಬರೋವಾಗ ನನ್ನ ಮನೆಗೂ ಒಂದನ್ನ ಕೈ ಹಿಡ್ಕೊಂಡು ಕರ್ಕೊಂಡು ಬಾ ಅಂತ. ಗಂಡೇ ಆಗ್ಬೇಕು ಅಂತಿಲ್ಲ.”

ನೆಮಾತಳ ನಗು ಮುರಿಯಿತು. ಮಿಖಾಯಿಲ್, “ಇನ್ನೂ ಸ್ವಲ್ಪ ಹತ್ರ ಬನ್ನಿ, ಈ ಕಡೆ ನೋಡಿ,” ಎಂದ. ಅವಳು ಈ ಕಡೆ ನೋಡಲಿಲ್ಲ. ಮದುಮಗಳ ಕಿವಿಗೆ ಬಾಯಿಟ್ಟಳು.

“ತಂಗೀ, ಕೈ ತಗೊ. ಇಲ್ಲಿ ಕೂಸಿಲ್ಲ. ಕೂಸಿನ ಜಾಗಾನೇ ಇಲ್ಲ, ಕೊಯ್ದು ತೆಗೆದುಬಿಟ್ಟಿದಾರೆ. ನಾನು ಬಂಜೆ. ನನ್ನ ಮುಟ್ಟಿ ನಿಂಗೆ ಕೆಟ್ಟದಾಗೋದು ಬೇಡ.”

ಮುಗಿಯಿತು ಎಂದುಕೊಂಡೆ. ನಲವತ್ತು ವರ್ಷದ ಹೆಸರು, ಹುಡುಗಿಯ ಅನ್ನ, ಎಲ್ಲ ಹೋಯಿತು. ಈ ಮದುಮಗಳು ಈಗ ಚೀರುತ್ತಾಳೆ, ಆ ತಫೀದಾ ನನ್ನ ಕೂದಲು ಹಿಡಿಯುತ್ತಾಳೆ. ಬಹೀಗಾಳ ಬೆರಳುಗಳು ಮೆಲ್ಲನೆ ಎದ್ದವು. ಮಖಮಲ್ಲಿಗೂ ಅಂಗೈಗೂ ನಡುವೆ ಬೆಳಕು ಕಂಡಿತು. ಅವಳು ತಲೆಯೆತ್ತಿ ನೆಮಾತಳ ಮುಖ ನೋಡಿದಳು. ಆಮೇಲೆ ನೆಮಾತಳ ಭುಜದ ಆಚೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ ಅತ್ತೆಯನ್ನು ನೋಡಿದಳು.

ಕೈ ತೆಗೆಯಲಿಲ್ಲ. ಮತ್ತೆ ಒತ್ತಿ ಇಟ್ಟಳು.

“ಅತ್ತೆ ನೋಡ್ತಿದಾರೆ,” ಎಂದಳು, ಕ್ಯಾಮೆರಾದ ಕಡೆ ಮುಖ ತಿರುಗಿಸಿ ನಗುತ್ತಲೇ. “ನಾನೀಗ ಕೈ ತೆಗೆದ್ರೆ ಅವರು ನಿಮ್ಮನ್ನ ಏನೂ ಅನ್ನಲ್ಲ ಅಕ್ಕಾ. ಇಂಥಾ ಹೊಟ್ಟೆ ಮೇಲೂ ಕೈ ನಿಲ್ಲದ ದರಿದ್ರ ನನ್ನ ಸೊಸೆ ಅಂತಾರೆ. ಒಂದು ವರ್ಷ ಕೊಟ್ಟಿದಾರೆ ನಂಗೆ. ದಮ್ಮಯ್ಯ, ಅಲ್ಲಾಡ್ಬೇಡಿ.”

ಕ್ಯಾಮೆರಾ ಮಿಂಚಿತು. “ಮತ್ತೊಂದು!” ಎಂದ ಮಿಖಾಯಿಲ್. ಮತ್ತೊಂದು ಮಿಂಚಿತು. ಇಬ್ಬರೂ ನಗುತ್ತಿದ್ದರು, ಇಬ್ಬರ ಕಣ್ಣಲ್ಲೂ ನೀರಿತ್ತು. ಸುತ್ತಲಿನವರು ಸಂತೋಷದ ನೀರು ಎಂದುಕೊಂಡು ಇನ್ನೂ ಜೋರಾಗಿ ಕೂಗಿದರು.

ನಾವು ಹೊರಡುವವರೆಗೂ ನನ್ನ ಕಣ್ಣು ಆ ಹುಡುಗಿಯ ಮೇಲೇ ಇತ್ತು. ಹೇಳಿಬಿಡುತ್ತಾಳೋ, ಈಗ ಹೇಳುತ್ತಾಳೋ, ಗಂಡನ ಕಿವಿಯಲ್ಲಾದರೂ ಉಸುರುತ್ತಾಳೋ ಎಂದು ನೋಡುತ್ತಲೇ ಇದ್ದೆ. ಒಮ್ಮೆ ತಫೀದಾ ಬಗ್ಗಿ ಸೊಸೆಯನ್ನು ಏನೋ ಕೇಳಿದಳು, ಸೊಸೆ ಏನೋ ಹೇಳಿದಳು, ಇಬ್ಬರೂ ನಮ್ಮ ಕಡೆ ತಿರುಗಿದರು. ತಫೀದಾ ಎದ್ದು ನಮ್ಮತ್ತ ಬಂದಳು. ನಾನು ತಾಳಗಳನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಹೊಡೆದಾಟವಾದರೆ ಕೈಯಲ್ಲಿ ಏನಾದರೂ ಇರಲಿ ಎಂದು.

ಅವಳು ಒಂದು ಕಾಗದದ ಪೊಟ್ಟಣ ತಂದು ನೆಮಾತಳ ಮಡಿಲಲ್ಲಿ ಇಟ್ಟಳು. “ಕರುವಿನ ಈಲಿ. ಬಸುರಿಗೆ ರಕ್ತ ಆಗುತ್ತೆ. ಬಹೀಗಾನೇ ಹೇಳಿದ್ಲು ಕೊಡಿ ಅಂತ. ಹೆತ್ತ ಮೇಲೆ ನಾನೇ ಬಂದು ಕೂಸು ನೋಡ್ತೀನಿ, ಆಯ್ತಾ?”

ಟ್ಯಾಕ್ಸಿಯಲ್ಲಿ ಖಲಫ್ ಮುಂದೆ ಕೂತ, ನಾವಿಬ್ಬರು ಹಿಂದೆ. ಹೊರಗೆ ಇನ್ನೂ ಬೆಳಕಿತ್ತು. ಪೊಟ್ಟಣದಿಂದ ರಕ್ತ ಒಸರಿ ನೆಮಾತಳ ಉಡುಪಿಗೆ ಹತ್ತುತ್ತಿತ್ತು. ಅವಳು ಅದನ್ನು ಪಕ್ಕಕ್ಕೂ ಇಡಲಿಲ್ಲ.

“ಅತ್ತೆ,” ಎಂದಳು.

“ಹೇಳಮ್ಮಾ.”

“ಮೂರು ತಿಂಗಳು ಅಂದ್ಯಲ್ಲ. ಹೆಸರೂ ನೀನೇ ಇಟ್ಟುಬಿಡು.”

ನಾನು ಪೊಟ್ಟಣವನ್ನು ಅವಳ ಮಡಿಲಿನಿಂದ ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ.

ಮಾರನೆಯ ದಿನ ಖಲಫ್ ನನ್ನ ಎದುರು ಕೂತು ಹೇಳಿದ: “ಉಸ್ತಾ, ನಿಜ ಹೇಳ್ಬಿಡೋಣ. ಅವಳು ಕುಣಿಯೋದು ನಿಂತ್ರೆ ನಿಲ್ಲಲಿ, ನನ್ನ ಕೈ ಇನ್ನೂ ಗಟ್ಟಿಯಾಗಿದೆ. ಈ ನಾಟಕ ನನ್ನ ಕೈಲಾಗಲ್ಲ.” ನಾನೂ ಸರಿ ಎಂದೆ. ಆಣೆ ಮಾಡಿ ಹೇಳುತ್ತೇನೆ, ಅಂದು ಹೇಳಿಬಿಡಲು ನಾನು ತಯಾರಿದ್ದೆ. ಬೇಡ ಎಂದವಳು ನೆಮಾತ್.

“ಈಗ ಹೇಳಿದ್ರೆ ನಂಗೆ ಬರೀ ಕೆಲಸ ಹೋಗುತ್ತೆ. ಆ ಹುಡುಗಿಗೆ? ಗರ್ಭ ಇಲ್ಲದವಳ ಹೊಟ್ಟೆ ಮುಟ್ಟಿದ ಮದುಮಗಳು ಅಂತ ನಾಳೆನೇ ತವರಿಗೆ ಅಟ್ತಾರೆ. ಅವಳು ನನ್ನ ಉಳಿಸಿದಾಳೆ. ನಾನು ಅವಳನ್ನ ಹಾಳು ಮಾಡ್ಲಾ?”

ಹೀಗೆ ನಾನು ಆಡಿದ ಒಂದು ಮಾತಿಗೆ ಅವಳು ಆರು ತಿಂಗಳು ಬಸುರಿಯಾದಳು. ಹತ್ತಿ ತುಂಬಿದ ದಿಂಬು ಹೊಲಿದುಕೊಟ್ಟವಳು ನಾನೇ. ತಿಂಗಳಿಗೊಮ್ಮೆ ಬಿಚ್ಚಿ ಇನ್ನಷ್ಟು ಹತ್ತಿ ತುಂಬುತ್ತಿದ್ದೆ. ಅವಳು ಅದನ್ನು ಕಟ್ಟಿಕೊಂಡು ತಿಂಗಳಿಗೆ ಎರಡು ಸಲ ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದಳು. ನೆರೆಯವರು ಸಿಹಿ ಕೊಟ್ಟರೆ ತೆಗೆದುಕೊಂಡು, ನಡೆ ನೋಡಿದರೆ ಹೆಣ್ಣೇ ಎಂದರೆ ತಲೆಯಾಡಿಸಿ ಬರುತ್ತಿದ್ದಳು. ಝಕಿಯ್ಯಾ ಕೂಡ ಒಂದು ಪುಟ್ಟ ಅಂಗಿ ಹೆಣೆದು ಕಳಿಸಿದಳು. ಮನೆಯಲ್ಲಿ ನೆಮಾತ್ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅಡುಗೆ, ಬಟ್ಟೆ, ಗೋಡೆ ಸೋರುವುದು. ರಾತ್ರಿ ಆ ದಿಂಬನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಹಾಕುತ್ತಿದ್ದಳು, ಹೊರಗೆ ಎಲ್ಲೂ ಬಿಡುತ್ತಿರಲಿಲ್ಲ.

ದಿನ ಹತ್ತಿರ ಬಂದಾಗ ಮತ್ತೆ ಟಾಂಟಾಕ್ಕೆ ಹೋದೆವು, ಬೀದಿಗೆ ತಂಗಿಯ ಮನೆ ಎಂದು ಹೇಳಿ ಒಂದು ಬಾಡಿಗೆ ಕೋಣೆಗೆ. ಹತ್ತು ದಿನ ಇದ್ದು ಬರಿಗೈಯಲ್ಲಿ ವಾಪಸು ಬಂದೆವು. ಸತ್ತು ಹುಟ್ಟಿತು ಎಂದು ನಾನು ಬೀದಿಗೆ ಹೇಳಿದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ, ಆದರೂ ಆ ಒಂದು ವಾಕ್ಯ ಹೇಳುವಾಗ ನಾಲಿಗೆ ತೊದಲಿತು.

“ಹೆಂಗಸರು ಬರ್ತಾರೆ,” ಎಂದು ಅವಳಿಗೆ ಮೊದಲೇ ತಿಳಿಸಿದ್ದೆ. “ಕಪ್ಪು ಹಾಕ್ಕೊಂಡು ಕೂತ್ಕೊ. ಸ್ವಲ್ಪ ಅತ್ತ ಹಾಗೆ ಮಾಡು.”

“ಮಾಡೋಕೆ ಬರಲ್ಲ ಅತ್ತೆ,” ಎಂದಳು. “ಅಷ್ಟು ನಟನೆ ನನ್ನ ಕೈಲಿ ಇಲ್ಲ.”

ಬಂದರು. ಇಡೀ ಬೀದಿಯೇ ಬಂದಿತು. ನೆಲದ ಮೇಲೆ ಚಾಪೆ ಹಾಸಿ ಕೂತರು, ನಾನು ಸಕ್ಕರೆಯಿಲ್ಲದ ಕಾಫಿ ಕೊಟ್ಟೆ. “ದೇವರು ಕೊಟ್ಟ, ದೇವರು ತಗೊಂಡ.” “ಇನ್ನೂ ವಯಸ್ಸಿದೆ, ಬರೋ ವರ್ಷ ಇನ್ನೊಂದು.” ನೆಮಾತ್ ಗೋಡೆಗೆ ಒರಗಿ ಒಣ ಕಣ್ಣಲ್ಲಿ ಕೂತಿದ್ದಳು. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಝಕಿಯ್ಯಾ ಕಾಫಿ ಲೋಟ ಕೆಳಗಿಟ್ಟು ಅವಳನ್ನೇ ದಿಟ್ಟಿಸತೊಡಗಿದಳು. ಹೆತ್ತ ತಾಯಿ ಹೀಗಿರುತ್ತಾಳೆಯೇ ಎಂದು ಅವಳ ಮುಖದ ಮೇಲೆ ಬರೆದಿತ್ತು. ಆರು ತಿಂಗಳ ಪಾಡೆಲ್ಲ ಇಲ್ಲಿ ಬಂದು ಒಡೆಯುತ್ತದೆ ಎಂದುಕೊಂಡೆ.

ಆಗ ತಫೀದಾ ಬಂದಳು, ಜೊತೆಗೆ ಬಹೀಗಾ. ಬಹೀಗಾ ಚಪ್ಪಲಿ ಬಿಟ್ಟವಳೇ ಯಾರ ಕಡೆಗೂ ನೋಡದೆ ನೇರ ಹೋಗಿ ನೆಮಾತಳ ಪಕ್ಕ ಕೂತಳು. ಸಮಾಧಾನದ ಒಂದು ಮಾತೂ ಇಲ್ಲ. ಅವಳ ತಲೆಯನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡಳು, ತಾನೇ ಮೊದಲು ಅತ್ತಳು. ನಮ್ಮ ಮೂವರನ್ನು ಬಿಟ್ಟರೆ, ಆ ಮನೆಯಲ್ಲಿ ಸತ್ತದ್ದು ಏನೆಂದು ತಿಳಿದಿದ್ದವಳು ಅವಳೊಬ್ಬಳೇ.

ನೆಮಾತಳ ಬಾಯಿಂದ ಎಂಥ ಗೋಳು ಹೊರಟಿತೆಂದರೆ ಹಿತ್ತಲಲ್ಲಿದ್ದ ಖಲಫ್ ಓಡಿ ಬಂದು ಬಾಗಿಲಲ್ಲಿ ನಿಂತ.

“ನನ್ನ ಮಕ್ಕಳೇ!” ಎಂದು ಕೂಗಿದಳು. “ಎಲ್ಲಾ ಹೋದ್ರಿ! ನನ್ನ ಮಕ್ಕಳೆಲ್ಲಾ ಹೋದ್ರಿ! ಒಬ್ಬರನ್ನಾದ್ರೂ ನೋಡೋಕೆ ಬಿಡ್ಲಿಲ್ವಲ್ಲೋ ದೇವ್ರೇ!”

“ಮಕ್ಕಳು ಅಂತಾಳಲ್ಲ,” ಎಂದು ಝಕಿಯ್ಯಾ ನನ್ನ ಕಿವಿಯಲ್ಲಿ ಕೇಳಿದಳು. ಅವಳ ಕಣ್ಣಲ್ಲೂ ನೀರು ತುಂಬಿತ್ತು. “ಅವಳಿ ಇತ್ತಾ?”

ನನಗೆ ಟಾಂಟಾ ಆಸ್ಪತ್ರೆಯ ಆ ಬೆಳಿಗ್ಗೆ ಕಣ್ಣ ಮುಂದೆ ಬಂದಿತ್ತು. ಆಪರೇಷನ್ನಾಗಿ ಎಚ್ಚರವಾದಾಗ ಹುಡುಗಿ ಹೀಗೇ ಬಾಯಿ ತೆರೆದಿದ್ದಳು. ನಾನು ಅಂಗೈಯಿಂದ ಅದನ್ನು ಮುಚ್ಚಿದ್ದೆ. ಪಕ್ಕದ ಮಂಚದವಳು ಯಾಕೆ ಅಂತ ಕೇಳ್ತಾಳೆ, ನುಂಗಿಕೋ ಎಂದಿದ್ದೆ. ಅವಳು ನುಂಗಿಕೊಂಡಿದ್ದಳು. ಏಳೂವರೆ ತಿಂಗಳು ಅದನ್ನು ಒಳಗಿಟ್ಟುಕೊಂಡೇ ನಡೆದಿದ್ದಳು, ಕುಣಿದಿದ್ದಳು, ಸಿಹಿ ತಿಂದಿದ್ದಳು.

ಮೂರು ದಿನ ಅತ್ತಳು. ಬಂದವರೆಲ್ಲ ಅವಳನ್ನು ತಬ್ಬಿಕೊಂಡು ಅತ್ತರು. ನಾನು ಯಾರನ್ನೂ ತಡೆಯಲಿಲ್ಲ.